ಹಂಪಣ್ಣ ಪಾಸು ಮಾಡಿದ ದವಾಖಾನೆ

ಮಾನ್ವಿಯ ದೊಡ್ಡಪ್ಪ ಸಾವ್ಕಾರರ ರೈಸ್ ಮಿಲ್ಲಿನಲ್ಲಿ ಹಂಪಣ್ಣನ ಕೆಲಸಕ್ಕೆ ಹೆಸರೇ ಇರಲಿಲ್ಲ. ಅವನು ಗುಮಾಸ್ತನಲ್ಲ, ಹಮಾಲನಲ್ಲ, ದಲಾಲನೂ ಅಲ್ಲ. ಬಂಡಿಯಿಂದ ಭತ್ತದ ಚೀಲ ಇಳಿದ ಕೂಡಲೇ ಸೊಂಟಕ್ಕೆ ಸಿಕ್ಕಿಸಿದ್ದ ಗೇಣುದ್ದದ, ಚೂಪು ತುದಿಯ ಕಬ್ಬಿಣದ ಕೊಳವೆಯನ್ನು ತೆಗೆದು ಚೀಲಕ್ಕೆ ಚುಚ್ಚುವುದು, ಅದರೊಳಗೆ ಜಾರಿ ಬಂದ ಕಾಳನ್ನು ಅಂಗೈಗೆ ಸುರುವಿಕೊಳ್ಳುವುದು, ಒಂದು ಕಾಳನ್ನು ಹಲ್ಲಿನಲ್ಲಿ ಕಟ್ಟೆಂದು ಕಡಿದು ಆಕಾಶ ನೋಡುವುದು, ಆಮೇಲೆ ತೀರ್ಪು ಕೊಡುವುದು. ಇಷ್ಟೇ ಅವನ ಕೆಲಸ. ಅವನು "ತೇವ ಅದ" ಎಂದರೆ ತೇವ ಇತ್ತು. "ಜೊಳ್ಳು" ಎಂದರೆ ರೈತನ ಜೊತೆ ಬಂಡಿಯ ಎತ್ತುಗಳೂ ತಲೆ ತಗ್ಗಿಸುತ್ತಿದ್ದವು.

ಅವನ ಗುಟ್ಟು ಇಷ್ಟೇ: ಚೀಲದ ಬಾಯಿಯ ಕಡೆ ಅವನು ತಿರುಗಿಯೂ ನೋಡುತ್ತಿರಲಿಲ್ಲ. ಗಟ್ಟಿಕಾಳನ್ನೆಲ್ಲ ಬಾಯಿಗೆ ಹಾಕಿ ಹೊಲಿಯುವ ಕಲೆ ಇಡೀ ತಾಲೂಕಿಗೆ ಗೊತ್ತಿತ್ತು. ಹಂಪಣ್ಣ ಸುತ್ತಿ ಬಂದು ಬುಡದ ಮೂಲೆಗೆ ಚುಚ್ಚುತ್ತಿದ್ದ. "ಬಾಯಿ ಎಲ್ಲಾರ್ದೂ ಛಲೋ ಇರ್ತದಪ್ಪ, ಬುಡ ತೋರ್ಸು" ಎಂದು ಅವನು ಅನ್ನುವಾಗ ಕೆಲವರು ಮನಸ್ಸಿನಲ್ಲೇ ತಮ್ಮ ಇಡೀ ಬಾಳನ್ನು ನೆನೆದು ಬೆವರುತ್ತಿದ್ದರು.

ಇಂಥವನು ದವಾಖಾನೆಗಳ ಪರೀಕ್ಷಕನಾದದ್ದು ದೊಡ್ಡಪ್ಪ ಸಾವ್ಕಾರರ ಹರ್ನಿಯಾದಿಂದ. ಎಪ್ಪತ್ನಾಲ್ಕನೇ ಇಸವಿ. ಆಪರೇಶನ್ ಆಗಲೇಬೇಕು ಎಂದಾಯಿತು. ರಾಯಚೂರಿನಲ್ಲಿ ಆಗ ನಮ್ಮ ಜನ ಹೋಗುತ್ತಿದ್ದ ಖಾಸಗಿ ದವಾಖಾನೆಗಳು ಮೂರು. ಎಲ್ಲಿ ಮಾಡಿಸಬೇಕು? ನೆಂಟರು ಮೂರು ಗುಂಪಾಗಿ ಮೂರು ಹೆಸರು ಹೇಳಿದರು. ಸಾವ್ಕಾರರು ಯಾರನ್ನೂ ನಂಬದೆ ಹಂಪಣ್ಣನನ್ನು ಕರೆದರು.

"ಏ ಹಂಪ, ರಾಯಚೂರಿಗೆ ಹೋಗು. ಮೂರೂ ದವಾಖಾನಿ ನೋಡಿ ನಮೂನಿ ತಗೊಂಡ್ ಬಾ."

"ದವಾಖಾನಿ ನಮೂನಿ ಹ್ಯಾಂಗ್ ತರ್ಲಿ ಸಾವ್ಕಾರ್ರ?"

"ಅದು ನಿನ್ನ ಕೆಲ್ಸ. ಕೊಯ್ಸಿಕೊಳ್ಳಾಂವ ನಾನು. ಬುಡ ನೋಡ್ಕೊಂಡ್ ಬಾ."

ಹಂಪಣ್ಣ ಹೋದ. ಯಾವ ಡಾಕ್ಟರನ್ನೂ ಮಾತಾಡಿಸಲಿಲ್ಲ. ಮೂರೂ ಕಡೆ ಹಿಂದಿನ ಬಾಗಿಲಿನಿಂದ ನುಗ್ಗಿ, ಕಟ್ಟಕಡೆಯ ಮಂಚ ಎಲ್ಲಿದೆ ಎಂದು ಹುಡುಕಿ, ಅದರ ಕೆಳಗೆ ತೂರಿ ಕಸ ಬಾಚಿದ. ಆಮೇಲೆ ಆ ಮಂಚದ ರೋಗಿಯ ಪಕ್ಕ ಕೂತು ತಾನೇ ರೋಗಿಯ ಮಗನ ಹಾಗೆ "ಸಿಸ್ಟರ್!" ಎಂದು ಒದರಿ ಎಣಿಸತೊಡಗಿದ. ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು... ಯಾರಾದರೂ ಬರುವತನಕ.

ಸಂಜೆಯ ಬಸ್ಸಿಗೆ ಹಿಂದಿರುಗಿ ಸಾವ್ಕಾರರ ಮುಂದೆ ಮೂರು ಕಾಗದದ ಪೊಟ್ಟಣ ಬಿಚ್ಚಿಟ್ಟ. ಮೊದಲನೆಯದರಲ್ಲಿ ಹತ್ತಿಯ ಉಂಡೆ, ಬೀಡಿ ತುಂಡು, ಬಾಳೆಸಿಪ್ಪೆ. ಎರಡನೆಯದರಲ್ಲಿ ಸತ್ತ ಹಲ್ಲಿ. ಮೂರನೆಯದರಲ್ಲಿ ಏನೂ ಇರಲಿಲ್ಲ. ಅದನ್ನೇ ಮುಂದೆ ಸರಿಸಿದ.

"ಇದು ಗಂಜ್ ಬಜಾರದ ಹಿಂದ ಹಳೇ ಸೇಂಗಾ ಗೋದಾಮಿನಾಗ ಒಬ್ಬ ಮುದುಕ ಡಾಕ್ಟ್ರು ನಡ್ಸತಾರಲ್ರಿ, ಅದು. ಕಸಾನ ಸಿಗ್ಲಿಲ್ಲ. ಹನ್ನೊಂದು ಎಣ್ಸೋದ್ರಾಗ ನರ್ಸಮ್ಮ ಓಡಿ ಬಂದ್ಳು. ಬಂದಾಕಿ ನನ್ನ ಕುತ್ತಿಗಿಗೆ ಕೈ ಹಾಕಿದ್ಳು, ಮಂಚದ ಬುಡಕ್ಕ ಯಾಕ ಹೊಕ್ಕಿದ್ದಿ ಅಂತ."

"ಉಳಿದ್ವು?"

"ಹಲ್ಲಿ ದವಾಖಾನ್ಯಾಗ ನೂರಾ ನಲ್ವತ್ತು. ಬೀಡಿ ದವಾಖಾನ್ಯಾಗ ಎಣಿಸಿ ಎಣಿಸಿ ನನಗ ನಿದ್ದಿ ಬಂತ್ರಿ."

ಗೋದಾಮಿನ ದವಾಖಾನೆಯಲ್ಲಿ ಆಪರೇಶನ್ ಆಯಿತು. ಹನ್ನೆರಡನೇ ದಿನ ಸಾವ್ಕಾರರು ಮಿಲ್ಲಿಗೆ ಬಂದು ಬೈಯತೊಡಗಿದರು. ಅವರ ಬೈಗುಳ ಕೇಳಿದವರಿಗೆ ಆರೋಗ್ಯ ಪೂರ್ತಿ ಮರಳಿರುವುದು ಖಾತ್ರಿಯಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಮಾನ್ವಿಯಲ್ಲಿ ಯಾರಿಗೆ ಹೊಟ್ಟೆ ನೋವು ಬಂದರೂ ಮೊದಲು ಹಂಪಣ್ಣ, ಆಮೇಲೆ ಡಾಕ್ಟರು. ನೀರಮಾನ್ವಿಯಿಂದ, ಚೀಕಲಪರ್ವಿಯಿಂದ, ಆ ಕಡೆ ದೇವದುರ್ಗದಿಂದಲೂ ಕೇಳಿ ಬರತೊಡಗಿದರು. ಹಂಪಣ್ಣ ತಿಂಗಳಿಗೊಮ್ಮೆ ರಾಯಚೂರಿಗೆ ಹೋಗಿ ನೋಡಿ ಬಂದು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದ. ಓದಿದ್ದು ನಿಜಾಮರ ಕಾಲದ ಉರ್ದು ಶಾಲೆಯ ನಾಲ್ಕನೇ ಇಯತ್ತೆ. ಕನ್ನಡ ಅಕ್ಷರವನ್ನು ಮಿಲ್ಲಿನ ಚೀಲಗಳ ಮೇಲೆ ಕಲಿತದ್ದು. ಹಾಗಾಗಿ ಬರವಣಿಗೆಯೂ ಚೀಲದ ಮೇಲಿನಷ್ಟೇ: "ಡಾಕ್ಟರ್ ಸಣ್ಣಕ್ಕಿ. ನರ್ಸು ದಪ್ಪಕ್ಕಿ. ಕಂಪೌಂಡರ್ ನುಚ್ಚು. ಕಕ್ಕಸು ತೌಡು." ಇದಕ್ಕಿಂತ ಖಚಿತವಾದ ವರದಿಯನ್ನು ಯಾವ ಸರಕಾರಿ ಇನ್‌ಸ್ಪೆಕ್ಟರೂ ಆ ಜಿಲ್ಲೆಯಲ್ಲಿ ಬರೆದಿರಲಾರ.

ನಾಲ್ಕೈದು ವರ್ಷ ಅವನು ಹೀಗೆ ಮಂಚದ ಕೆಳಗೆ ತೂರಿ, ಮೊಣಕಾಲು ತರಚಿಕೊಂಡು, ಆಯಾಗಳಿಂದ ಬೈಸಿಕೊಂಡು ಜನಕ್ಕೆ ಉಪಕಾರ ಮಾಡಿದ. ಆಮೇಲೆ ಅವನಿಗೆ ಒಂದು ಕುರ್ಚಿ ಸಿಕ್ಕಿತು.

ಎಪ್ಪತ್ತೊಂಬತ್ತರಲ್ಲಿ ಸ್ಟೇಷನ್ ರಸ್ತೆಯ ಕಡೆ ಹೊಸದೊಂದು ನರ್ಸಿಂಗ್ ಹೋಮ್ ಆಯಿತು. ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿತ್ತು. ಜನ ಮಾತ್ರ ಹಸಿರು ಗೇಟು ಎಂದರು. ಆಪರೇಶನ್ ಮಾಡುವ ಡಾಕ್ಟರು ಹೊರಗಿನವರು. ಸೋಮವಾರ ಮುಂಜಾನೆ ರೈಲಿಗೆ ಬಂದು, ಇದ್ದವರನ್ನೆಲ್ಲ ಕೊಯ್ದು ಹೊಲಿದು, ಸಂಜೆ ರೈಲಿಗೆ ಹೋಗಿಬಿಡುತ್ತಿದ್ದರು. ಮುಂದಿನ ಸೋಮವಾರದವರೆಗೆ ರೋಗಿಗಳು ಮ್ಯಾನೇಜರ್ ವಿರೂಪಣ್ಣನ ಕೈಯಲ್ಲಿ. ವಿರೂಪಣ್ಣ ಓದಿದ್ದು ಕಾಮರ್ಸ್.

ಆದರೆ ವಿರೂಪಣ್ಣನಿಗೆ ಮನುಷ್ಯರ ನಾಡಿ ಡಾಕ್ಟರಿಗಿಂತ ಚೆನ್ನಾಗಿ ಸಿಗುತ್ತಿತ್ತು. ಮಾನ್ವಿ ಮತ್ತು ದೇವದುರ್ಗದ ಬಸ್ಸಿನಿಂದ ಇಳಿದ ರೋಗಿಗಳೆಲ್ಲ ಗೋದಾಮಿನ ಕಡೆಗೇ ಏಕೆ ಹೋಗುತ್ತಾರೆ ಎಂದು ವಿಚಾರಿಸಿ, ಹಂಪಣ್ಣ ಎನ್ನುವ ಹೆಸರು ತಿಳಿದುಕೊಂಡ. ಹಂಪಣ್ಣ ಎಂದಿನಂತೆ ಹಿಂದಿನ ಬಾಗಿಲಿಗೆ ಹೋದರೆ, ಅಲ್ಲಿ ವಿರೂಪಣ್ಣನೇ ಕೈ ಮುಗಿದು ನಿಂತಿದ್ದ.

"ಇದೇನ್ರಿ ಅಣ್ಣಾವ್ರ, ನೀವು ಹಿತ್ತಲದಿಂದ ಬರೋದಾ? ಯಾರಾರ ನೋಡಿದ್ರ ನಮ್ಮ ಮರ್ಯಾದಿ ಏನಾಗ್ಬೇಕು? ಮುಂದ ಬರ್ರಿ, ಕುಂದರ್ರಿ."

ಮುಂದಿನ ಪಡಸಾಲೆಯಲ್ಲಿ ಕೈಯಿರುವ ಕುರ್ಚಿ. ಅದರ ಮೇಲೆ ಹೂವಿನ ಕಸೂತಿಯ ಗವಸು. ಕಪ್ಪಿನಲ್ಲಿ ಚಹಾ, ಕೆಳಗಿನ ಬಸಿಯ ಅಂಚಿಗೆ ಎರಡು ಬಿಸ್ಕೀಟು. ಹಂಪಣ್ಣ ಐವತ್ತೆರಡು ವರ್ಷ ಚೀಲದ ಮೇಲೆ ಕೂತವನು. ಕುರ್ಚಿಯ ಅಂಚಿಗೆ ಕುಂಡಿ ತಾಗಿಸಿ ಕೂತ. ಎರಡನೇ ಬಿಸ್ಕೀಟು ಮುಗಿಯುವುದರೊಳಗೆ ಹಿಂದಕ್ಕೆ ಒರಗಿದ್ದ.

ಆಗ ವಿರೂಪಣ್ಣ ಕೆಂಪು ಬಟ್ಟೆಯ ಅಟ್ಟೆಯ ಒಂದು ದಪ್ಪ ಪುಸ್ತಕ ತಂದು ಎರಡೂ ಕೈಯಿಂದ ಹಿಡಿದ. ಅದು ತಪಾಸಣೆ ಪುಸ್ತಕ. ದೊಡ್ಡ ದೊಡ್ಡವರು ಬಂದು ನೋಡಿ ಷರಾ ಬರೆಯುವಂಥದು. "ಇದುತನಕ ಬರದೋರೆಲ್ಲಾ ಓದಿದೋರು ಅಷ್ಟs ರೀ. ತಿಳದೋರು ಒಬ್ರೂ ಬರದಿಲ್ಲ" ಎಂದು ಪೆನ್ನಿನ ಮುಚ್ಚಳ ತೆಗೆದು ಕೊಟ್ಟ.

ಮನುಷ್ಯನನ್ನು ಕೆಡಿಸಲು ಬಹಳ ಸಾಮಾನು ಬೇಕಿಲ್ಲ. ಮುಚ್ಚಳ ತೆಗೆದ ಪೆನ್ನು ಸಾಕು. ಹಂಪಣ್ಣನಿಗೆ "ತೌಡು", "ನುಚ್ಚು" ಎಂದು ಬರೆಯಲು ನಾಚಿಕೆಯಾಯಿತು. ಮೇಲಿನ ಷರಾಗಳನ್ನು ಬೆರಳಿಟ್ಟು ಓದಿಕೊಂಡು, ಅವುಗಳ ಧಾಟಿಯಲ್ಲೇ ಮುಕ್ಕಾಲು ಗಂಟೆ ಬೆವರಿ ಬರೆದ: "ಈ ದಿವಸ ನಾನು ಖುದ್ದು ಹಾಜರಾಗಿ ಸದರಿ ದವಾಖಾನೆಯನ್ನು ಕೂಲಂಕಷ ಪರಿಶೀಲಿಸಿದೆನು. ಸ್ವಚ್ಛತೆ, ಶಿಸ್ತು, ಉಪಚಾರ ಎಲ್ಲವೂ ತೃಪ್ತಿಕರವಾಗಿ ಕಂಡುಬಂದವು. ಜ್ವರದ ಪಟ್ಟಿಗಳನ್ನು ಬಹಳ ಅಚ್ಚುಕಟ್ಟಾಗಿ ತುಂಬಿರುತ್ತಾರೆ. ಸಹಿ, ಹಂಪಣ್ಣ, ಮಾನ್ವಿ." ಕೂಲಂಕಷ ಪರಿಶೀಲನೆ ಕುರ್ಚಿಯಿಂದ ಎದ್ದಿರಲಿಲ್ಲ. ಜ್ವರದ ಪಟ್ಟಿಗಳನ್ನು ಮಾತ್ರ ವಿರೂಪಣ್ಣ ಕಟ್ಟಿ ತಂದು ತೋರಿಸಿದ್ದ. ಗೆರೆ ಕೊರೆದಂತಿದ್ದವು.

ಹದಿನೈದು ದಿನದಲ್ಲಿ ಆ ಷರಾ ಪಡಸಾಲೆಯ ಗೋಡೆಯ ಮೇಲೆ ನೀಲಿ ಬಣ್ಣದ ಬೋರ್ಡಾಗಿ ಏರಿತು. ಮೇಲೆ ದೊಡ್ಡ ಅಕ್ಷರದಲ್ಲಿ: ಮಾನ್ವಿಯ ಶ್ರೀ ಹಂಪಣ್ಣನವರು ಪಾಸು ಮಾಡಿರುತ್ತಾರೆ. ಬೋರ್ಡು ನೋಡಲೆಂದೇ ಹಂಪಣ್ಣ ಮಾರನೆಯ ತಿಂಗಳು ಬಂದ. ಮತ್ತೆ ಕುರ್ಚಿ, ಮತ್ತೆ ಬಿಸ್ಕೀಟು, ಮತ್ತೆ ಪುಸ್ತಕ. ಈಗ ಅವನು ಮಡಿಸಿದ ಕೊಡೆ ಹಿಡಿಯತೊಡಗಿದ್ದ, ಮಳೆಗೆ ಅಲ್ಲ. ಕೊಳವೆ ಸೊಂಟದಲ್ಲಿದ್ದರೆ ಕುರ್ಚಿಯಲ್ಲಿ ಒತ್ತುತ್ತದೆ ಎಂದು ಅದನ್ನು ಮನೆಯಲ್ಲಿ ಬಿಟ್ಟು ಬರುತ್ತಿದ್ದ.

ಎಂಬತ್ತರಲ್ಲಿ ಒಮ್ಮೆ ಗೋದಾಮಿನ ದವಾಖಾನೆಗೂ "ತಪಾಸಣಿ"ಗೆ ಹೋದ. ಮುಂದಿನ ಬಾಗಿಲಿನಿಂದ, ಕೊಡೆ ಬೀಸಿಕೊಂಡು. ಅಲ್ಲಿನ ನರ್ಸು ಉಮ್ಮೇ ಕುಲ್ಸುಮ್, ಹಿಂದೆ ಅವನ ಕುತ್ತಿಗೆಗೆ ಕೈ ಹಾಕಿದ್ದವಳೇ, ಒಂದು ಕೈಯಲ್ಲಿ ಕುದಿಯುವ ನೀರಿನ ಪಾತ್ರೆ ಹಿಡಿದು ಬರುತ್ತಿದ್ದಳು.

"ಸರೀರಿ ಕಾಕಾ, ದಾರಿ ಬಿಡ್ರಿ."

"ನಾನು ಹಂಪಣ್ಣ."

"ಇರ್ಲಿ, ಸರೀರಿ. ಸುಡ್ತದ."

ಕುರ್ಚಿ ಇಲ್ಲ. ಚಹಾ ಇಲ್ಲ. ಪುಸ್ತಕ ಅಂತೂ ಇಲ್ಲವೇ ಇಲ್ಲ. ಹಂಪಣ್ಣ ಅಲ್ಲಿಂದ ಹೊರಬಿದ್ದು ನೋಟುಬುಕ್ಕಿನಲ್ಲಿ ಒಂದೇ ಪದ ಬರೆದ: ಹೊಟ್ಟು.

ಅಷ್ಟರಲ್ಲಿ ಹಸಿರು ಗೇಟಿನಿಂದ ಹಿಂದಿರುಗಿದವರು ಏನೇನೋ ಗೊಣಗತೊಡಗಿದ್ದರು. ಚೀಕಲಪರ್ವಿಯ ಒಬ್ಬ ರೈತ ನೇರ ಮಿಲ್ಲಿಗೇ ಬಂದು, "ಯಣ್ಣಾ, ಹಿಂದಿನ ಕೋಣ್ಯಾಗ ಯಾರೂ ಹಣಿಕಿ ಹಾಕಂಗಿಲ್ಲ" ಎಂದ. ಹಂಪಣ್ಣ ಕನ್ನಡಕ ಸರಿಮಾಡಿಕೊಂಡ.

"ಹಿಂಗ ಬಾಯಿಮಾತಿಲೆ ಹೇಳಿದ್ರ ಆಗಂಗಿಲ್ಲಪ್ಪ. ಅಲ್ಲಿ ತಪಾಸಣಿ ಬುಕ್ಕದ. ತಿಂಗಳ ತಿಂಗಳ ಷರಾ ಅದಾವ. ಒಂದಾದ್ರೂ ತಕರಾರು ಬರದದೇನು ನೋಡು."

ರೈತನಿಗೆ ಓದು ಬರುತ್ತಿರಲಿಲ್ಲ. ಅವನು ಬಂದ ದಾರಿ ಹಿಡಿದ. ಹಂಪಣ್ಣ ಗೆದ್ದ.

ಎಂಬತ್ಮೂರರ ಮಾರ್ಚಿನಲ್ಲಿ ಹಂಪಣ್ಣನ ಹೆಂಡತಿ ವೀರಭದ್ರಮ್ಮನಿಗೆ ಗರ್ಭಕೋಶ ತೆಗೆಸಬೇಕು ಎಂದಾಯಿತು. ವೀರಭದ್ರಮ್ಮ ಕಡಿಮೆ ಮಾತಿನ ಹೆಂಗಸು. ಮೂವತ್ತು ವರ್ಷ ಗಂಡನ ಅಂಗಿಯಿಂದ ಭತ್ತದ ಮುಳ್ಳು ಆರಿಸಿದ್ದಳು, ಗಂಡನ ಮಾತಿನಿಂದ ಜೊಳ್ಳು ಆರಿಸಿದ್ದಳು. ಹಾಸಿಗೆ ಕಟ್ಟುತ್ತಾ ಕೇಳಿದಳು:

"ರೀ, ಆ ಹಸಿರು ಗೇಟಿನಾಗ ಬುಡ ನೋಡೀರೇನು?"

"ಬುಕ್ಕಿನಾಗ ಬರದದ, ಎಲ್ಲಾ ತೃಪ್ತಿಕರ."

"ಬುಕ್ಕಿನಾಗ ಬರದೋರು ಯಾರು?"

"ನಾನs."

"ನೀವು ಏನು ನೋಡಿ ಬರದ್ರಿ?"

"ಮದ್ಲಿನ ಷರಾ ಓದ್ಕೊಂಡು ಬರದೀನಿ. ಸುಮ್ಮ ನಡಿ."

ಸೋಮವಾರ ಆಪರೇಶನ್ ಆಯಿತು. ಡಾಕ್ಟರು ರೈಲಿಗೆ ಹೋದರು. ವೀರಭದ್ರಮ್ಮನನ್ನು ಹಿಂದಿನ ಕೋಣೆಯ ಕಡೆಯ ಮಂಚಕ್ಕೆ ಹಾಕಿದರು. ಅದರ ಪಕ್ಕದ ಮಂಚದಲ್ಲಿ ನೀರಮಾನ್ವಿಯ ಒಬ್ಬ ಮುದುಕಿ, ಅವಳನ್ನು ನೋಡಿಕೊಳ್ಳಲು ಸೊಸೆ ಕರೆಮ್ಮ. ಕುರಿ ಸಾಕುವ ಮನೆಯ ಗಟ್ಟಿ ಧ್ವನಿಯ ಹೆಂಗಸು. ಹಂಪಣ್ಣ ದಿನಕ್ಕೆ ಎರಡು ಸಲ ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು "ಹ್ಯಾಂಗದ?" ಎನ್ನುತ್ತಿದ್ದ. ಅವಳು "ಅದ" ಎನ್ನುತ್ತಿದ್ದಳು. ಉಳಿದ ಹೊತ್ತೆಲ್ಲ ಪಡಸಾಲೆಯಲ್ಲಿ, ತನ್ನ ಬೋರ್ಡಿನ ಕೆಳಗೇ ಕುರ್ಚಿ ಹಾಕಿಸಿಕೊಂಡು, ಬಸ್ಸಿನಿಂದ ಇಳಿದು ಬಂದವರಿಗೆ ದರ್ಶನ ಕೊಡುತ್ತಿದ್ದ.

ಶುಕ್ರವಾರ ಮಧ್ಯಾಹ್ನ "ಹ್ಯಾಂಗದ?" ಎಂದಾಗ ಉತ್ತರ ಬರಲಿಲ್ಲ. ಕರೆಮ್ಮ ಉತ್ತರ ಕೊಟ್ಟಳು.

"ಬಾಗಲ್ದಾಗ ನಿಂತು ಏನ್ ಕೇಳ್ತೀಯೋ ಯಣ್ಣಾ? ಒಳಗ ಬಂದು ಮೈ ಮುಟ್ಟು. ಹೆಂಚಿನಂಗ ಸುಡಾಕತ್ತದ."

ಮುಟ್ಟಿದ. ಕೈ ಹಿಂದಕ್ಕೆ ಬಂತು. ಹೊಟ್ಟೆಯ ಪಟ್ಟಿ ಹಳದಿಯಾಗಿ ತೋಯ್ದಿತ್ತು, ವಾಸನೆ ಇತ್ತು. ಸೋಮವಾರ ಕಟ್ಟಿದ ಪಟ್ಟಿಯನ್ನು ಯಾರೂ ಬಿಚ್ಚಿರಲಿಲ್ಲ.

"ಕರೀಲಿಲ್ಲೇನು ನೀನು?" ಎಂದ, ಹೆಂಡತಿಯನ್ನೇ ಗದರುವವನಂತೆ.

ವೀರಭದ್ರಮ್ಮ ಕಣ್ಣು ತೆರೆಯದೆ ಹೇಳಿದಳು: "ಕರದೆ. ನಿಮ್ಮಂಗ ಎಣಿಸಿದೆ. ಲಾಭದಿಂದ ಶುರು ಮಾಡಿ ನಾನೂರಕ್ಕ ಬಿಟ್ಟೆ."

ಮಂಚದ ಕಾಲಿಗೆ ಜ್ವರದ ಪಟ್ಟಿ ತೂಗುತ್ತಿತ್ತು. ಅಂಕಿ ಓದುವುದು ಹಂಪಣ್ಣನ ಹೊಟ್ಟೆಪಾಡಿನ ವಿದ್ಯೆ. ಮಂಗಳವಾರ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಬುಧವಾರ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಗುರುವಾರ ಅಷ್ಟೇ. ಇವತ್ತು, ಹನ್ನೊಂದನೇ ತಾರೀಕು ಶುಕ್ರವಾರ, ಮುಂಜಾನೆ ಅಷ್ಟೇ, ಸಂಜೆಗೂ ಅಷ್ಟೇ. ಸಂಜೆ ಇನ್ನೂ ಆಗಿರಲಿಲ್ಲ. ಅವನು ಬೆರಳನ್ನು ಮುಂದೆ ಸರಿಸಿದ. ಹನ್ನೆರಡು, ಶನಿವಾರ, ತೊಂಬತ್ತೆಂಟು ಪಾಯಿಂಟ್ ನಾಲ್ಕು. ಹದಿಮೂರು, ಭಾನುವಾರ, ತೊಂಬತ್ತೆಂಟು ಪಾಯಿಂಟ್ ನಾಲ್ಕು. ಡಾಕ್ಟರ ರೈಲು ಬರುವ ತನಕದ ಜ್ವರವನ್ನೆಲ್ಲ ಮೊದಲೇ ಬರೆದು ಮುಗಿಸಿದ್ದರು. ಬಹಳ ಅಚ್ಚುಕಟ್ಟಾಗಿ ತುಂಬಿದ್ದರು. ಅದು ಅವನದೇ ಷರಾ.

ಹಂಪಣ್ಣ ಜ್ವರದ ಪಟ್ಟಿಯನ್ನು ಕಿತ್ತುಕೊಂಡು ಪಡಸಾಲೆಗೆ ಹಾರಿದ. ವಿರೂಪಣ್ಣ ಎದ್ದು ನಿಂತು ಕೈ ಮುಗಿದ.

"ಏನಾತ್ರಿ ಅಣ್ಣಾವ್ರ? ಕುಂದರ್ರಿ ಮದ್ಲು."

"ಕುಂದ್ರದು ಏನು! ನಾಳಿನ ಜ್ವರ ಇವತ್ತs ಬರದೀರಲ್ಲ, ನೀವು ಡಾಕ್ಟ್ರೋ ಜೋತಿಷಿಗಳೋ?"

"ತಪ್ಪಾಗ್ಯದ್ರಿ. ಒಪ್ಪತೀನಿ. ನಿಮ್ಮಂಥೋರು ಹೇಳಲಿಲ್ಲಂದ್ರ ನಾವು ತಿದ್ದಿಕೊಳ್ಳೋದು ಹ್ಯಾಂಗ?" ಎನ್ನುತ್ತಲೇ ಕುರ್ಚಿ ಮೊಣಕಾಲ ಹಿಂದೆ ಬಂದು ತಾಗಿತು. ಹಂಪಣ್ಣ ಕೂತ. ಕೆಂಪು ಪುಸ್ತಕ ಬಂತು. "ಇದರಾಗ ಖಡಕ್ಕಾಗಿ ಬರೀರಿ. ಸೋಮವಾರ ಡಾಕ್ಟ್ರ ಮುಂದ ನಾನs ಇಡ್ತೀನಿ." ಪೆನ್ನಿನ ಮುಚ್ಚಳ ತೆಗೆದಿತ್ತು.

ಇಲ್ಲಿ ನಡೆದದ್ದನ್ನು ಹಂಪಣ್ಣ ಮುಂದೆ ಸಾಯುವ ತನಕ ಯಾರ ಮುಂದೆಯೂ ಹೇಳಲಿಲ್ಲ. ಕರೆಮ್ಮ ಹೇಳಿದ್ದರಿಂದ ನಮಗೆ ಗೊತ್ತು. ಅವನು ಬರೆಯತೊಡಗಿದ. ಸಿಟ್ಟಿನಲ್ಲೇ ಬರೆಯತೊಡಗಿದ, ಆದರೆ ಪುಸ್ತಕಕ್ಕೆ ತಕ್ಕ ಮಾತು ಬೇಕಲ್ಲ. "ಈ ದಿವಸ ನಾನು ಖುದ್ದು ಹಾಜರಾಗಿ" ಎಂದು ಬರೆದು, "ವಿಷಾದ" ಎನ್ನುವುದೋ "ಅಸಮಾಧಾನ" ಎನ್ನುವುದೋ ಎಂದು ಯೋಚಿಸುತ್ತಾ ಪೆನ್ನಿನ ತುದಿ ಕಚ್ಚಿದ. ಪಕ್ಕದಲ್ಲಿ ಚಹಾ ಆರುತ್ತಿತ್ತು. ಹಿಂದಿನ ಕೋಣೆಯಲ್ಲಿ ಹೆಂಡತಿ ಸುಡುತ್ತಿದ್ದಳು.

ಕರೆಮ್ಮ ಪಡಸಾಲೆಯ ನಡುವೆ ಬಂದು ನಿಂತಳು.

"ಯಣ್ಣಾ, ಬರಿಯೋದು ಮುಗೀತೋ ಇಲ್ಲೋ? ನಿನ್ನ ಹೇಣ್ತಿ ಬಡಬಡಿಸಾಕತ್ತಾಳ. ಆಕಿ ಸತ್ತಮ್ಯಾಲ ಅದನ್ನೂ ಅದರಾಗs ಬರಿಯಾಂವೇನು?"

ವಿರೂಪಣ್ಣ, "ಏ ತಾಯೀ, ಸಾಹೇಬ್ರು ಷರಾ ಬರಿಯಾಕತ್ತಾರ..." ಎಂದ.

"ಯಾವ ಸಾಹೇಬ? ಚೀಲ ಚುಚ್ಚೋ ಹಂಪಣ್ಣಲ್ಲೇನು? ಇವ್ನ ಬೋರ್ಡು ಕೇಳೇ ನಮ್ಮತ್ತೀನ್ನ ಇಲ್ಲಿಗೆ ತಂದು ಕೆಟ್ಟೆ. ನಾನು ಕುರಿ ಹಟ್ಟಿ ಒಳಗ ಕಾಲಿಟ್ರ ವಾಸನಿ ಮ್ಯಾಲ ಹೇಳ್ತೀನಿ, ಯಾವ ಕುರೀಗೆ ಹುಳ ಬಿದ್ದದಂತ. ಇವ್ನು ಇಷ್ಟ್ ದಿನ ಇಲ್ಲಿ ಕುಂತು ಮೂಗು ಎಲ್ಲಿ ಇಟ್ಟಿದ್ದ?"

ಪುಸ್ತಕ ನೆಲಕ್ಕೆ ಬಿತ್ತು. ಹಂಪಣ್ಣ ಹೊರಗೆ ಓಡಿ ಟಾಂಗಾ ನಿಲ್ಲಿಸಿದ. ಅವನೂ ಕರೆಮ್ಮನೂ ಸೇರಿ ವೀರಭದ್ರಮ್ಮನನ್ನು ಕೌದಿಯಲ್ಲಿ ಹೊತ್ತು ತಂದು ಮಲಗಿಸಿದರು. ಕರೆಮ್ಮ ಮತ್ತೆ ಒಳಗೆ ಹೋಗಿ ಅತ್ತೆಯನ್ನೂ ಹೆಗಲ ಮೇಲೆ ಹಾಕಿಕೊಂಡು ಬಂದಳು.

"ಜಾಗ ಇಲ್ಲಬೇ ಯವ್ವಾ" ಎಂದ ಹಂಪಣ್ಣ.

"ನೀನು ಇಳಿ, ಆಗ್ತದ."

ಹಂಪಣ್ಣ ಇಳಿದ. ಟಾಂಗಾದ ಹಿಂದೆ ಓಡಿದ. ಕೊಡೆ ಹಸಿರು ಗೇಟಿನಲ್ಲೇ ಉಳಿಯಿತು. ಹೊರಡುವಾಗ ಟಾಂಗಾದವನು ಎಲ್ಲಿಗೆ ಎಂದು ಕೇಳಿದ್ದಕ್ಕೆ ಹಂಪಣ್ಣನ ಬಾಯಿಂದ ಬಂದದ್ದು ತಾನೇ ಹೊಟ್ಟು ಎಂದು ಬರೆದಿದ್ದ ಗೋದಾಮು.

ಉಮ್ಮೇ ಕುಲ್ಸುಮ್ ಬಾಗಿಲಲ್ಲೇ ಪಟ್ಟಿ ಬಿಚ್ಚಿ ನೋಡಿದಳು. ತುಟಿ ಬಿಗಿದಳು. ಮುದುಕ ಡಾಕ್ಟರು ಊಟದ ಕೈಯನ್ನು ತೊಳೆದು ಓಡಿ ಬಂದರು. ಎರಡು ಹೊಲಿಗೆ ಬಿಚ್ಚಿ, ಕೀವು ತೆಗೆದು, ಬತ್ತಿ ಇಟ್ಟು, ಸೂಜಿ ಕೊಟ್ಟರು. "ಇನ್ನೊಂದು ದಿನ ತಡ ಆಗಿದ್ರ ನನ್ನ ಕೈಯಾಗ ಇರ್ಲಿಲ್ಲ" ಎಂದಷ್ಟೇ ಹೇಳಿ ಮುದುಕಿಯ ಕಡೆ ತಿರುಗಿದರು. ಹಂಪಣ್ಣ ಕೂರಲು ಜಾಗ ಹುಡುಕಿದ.

"ಕುರ್ಚಿ ಇಲ್ರಿ ಕಾಕಾ, ನಿಂದ್ರಬೇಕು" ಎಂದಳು ಉಮ್ಮೇ ಕುಲ್ಸುಮ್. ಅವಳಿಗೆ ಹಳೆಯದು ನೆನಪಿತ್ತೋ ಇಲ್ಲವೋ ಗೊತ್ತಿಲ್ಲ. ಹಂಪಣ್ಣ ನಿಂತ. ಹದಿನೆಂಟು ದಿನ ನಿಂತ.

ವೀರಭದ್ರಮ್ಮ ಉಳಿದಳು. ಕರೆಮ್ಮನ ಅತ್ತೆಯೂ ಉಳಿದು ಸೊಸೆಯನ್ನು ಬೈಯುವ ಹಂತಕ್ಕೆ ಬಂದಳು. ಹಂಪಣ್ಣ ಹಸಿರು ಗೇಟಿಗೆ ಹೋಗಿ ಬೋರ್ಡು ಇಳಿಸಿರಿ ಎಂದ. ವಿರೂಪಣ್ಣ ಬಹಳ ವಿನಯದಿಂದ, "ಅದು ನಿಮ್ಮ ಸ್ವಂತ ಕೈಬರಹದ ಷರಾ ನೋಡ್ರಿ ಅಣ್ಣಾವ್ರ, ದಾಖಲಾತಿ. ದಾಖಲಾತಿ ಅಳಿಸೋದು ಕಾಯಿದಿಗೆ ಬರಂಗಿಲ್ಲ" ಎಂದ. ಪುಸ್ತಕದಲ್ಲಿ ಶುಕ್ರವಾರದ ಪುಟ ನೋಡಬೇಕೆಂದರೆ ಆ ಪುಟ ಇರಲಿಲ್ಲ. ಹೊಲಿಗೆ ಬಿಚ್ಚಿ ಹಾಳೆ ತೆಗೆದು ಮತ್ತೆ ಹೊಲಿದಿದ್ದರು. ಆ ದವಾಖಾನೆಯಲ್ಲಿ ಹೊಲಿಗೆಯನ್ನು ಅಷ್ಟು ನಾಜೂಕಾಗಿ ಹಾಕಿದ್ದು ಅದೊಂದೇ ಕಡೆ.

ಏಪ್ರಿಲ್ ಕೊನೆಗೆ ಗಾಯ ತೋರಿಸಲು ಗಂಡ ಹೆಂಡತಿ ರಾಯಚೂರಿಗೆ ಬಂದರು. ಬಸ್‌ಸ್ಟ್ಯಾಂಡಿನಲ್ಲಿ ದೇವದುರ್ಗದ ಬಸ್ಸಿನಿಂದ ಒಬ್ಬ ರೈತ ತಾಯಿಯನ್ನು ಬೆನ್ನ ಮೇಲೆ ಹೊತ್ತು ಇಳಿದ. ಹೆಸರು ಗದ್ದೆಪ್ಪ. ಇಳಿದವನೇ ಟಾಂಗಾದವನನ್ನು ಕೇಳಿದ:

"ಹಸಿರು ಗೇಟಿನ ದವಾಖಾನಿ ಎಲ್ಲದ್ರಿ?"

ಹಂಪಣ್ಣ ಅಡ್ಡ ಬಂದ. "ಅಲ್ಲಿಗೆ ಹೋಗಬ್ಯಾಡಪ್ಪ ತಮ್ಮಾ."

"ಯಾಕ್ರಿ? ಹಂಪಣ್ಣೋರು ಪಾಸು ಮಾಡ್ಯಾರ. ನಮ್ಮೂರಾಗ ಎಲ್ಲಾರಿಗೂ ಗೊತ್ತು."

"ನಾನs ಹಂಪಣ್ಣ. ಹೇಳಾಕತ್ತೀನಿ, ಬ್ಯಾಡ."

ಗದ್ದೆಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. ಸವೆದ ಚಪ್ಪಲಿ, ಸೊಂಟದಲ್ಲಿ ಕಬ್ಬಿಣದ ಕೊಳವೆ, ಕೈಯಲ್ಲಿ ರೊಟ್ಟಿ ಗಂಟು. ನಕ್ಕ.

"ಹಂಪಣ್ಣೋರು ಅಂದ್ರ ದೊಡ್ಡ ಮನಿಷ್ಯಾರು. ಕೊಡಿ ಹಿಡೀತಾರಂತ, ಕುರ್ಚಿ ಮ್ಯಾಲ ಕುಂದ್ರತಾರಂತ. ಬೋರ್ಡಿನ ಮ್ಯಾಲ ಹೆಸರದ. ನೀ ಯಾರೋ ಯಪ್ಪಾ, ಸರೀ. ಯಾವ ದವಾಖಾನಿ ಏಜೆಂಟೋ ಏನೋ."

ನಾಲ್ಕು ವರ್ಷ ಬೆವರಿ ಕಟ್ಟಿದ ಹಂಪಣ್ಣ ಗೋಡೆಯ ಮೇಲಿದ್ದ. ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಯಾರೋ ಮುದುಕ. ಗದ್ದೆಪ್ಪನ ತಾಯಿ ಬೆನ್ನ ಮೇಲೆ ನರಳಿದಳು. ಅವನು ಟಾಂಗಾದ ಕಡೆ ಒಂದು ಹೆಜ್ಜೆ ಇಟ್ಟ. ಹಂಪಣ್ಣ ಅವನ ತೋಳು ಹಿಡಿದ. ಅವನು ಕೊಸರಿಕೊಂಡ.

ಆಗ ವೀರಭದ್ರಮ್ಮ ಮುಂದೆ ಬಂದಳು. ಅಷ್ಟು ಜನರ ನಡುವೆ, ಸೆರಗನ್ನು ಪಕ್ಕಕ್ಕೆ ಸರಿಸಿ, ಮುದುಕಿಯ ಕಣ್ಣಿಗೆ ಮಾತ್ರ ಬೀಳುವಂತೆ ಹೊಟ್ಟೆಯ ಮೇಲಿನ ಗಾಯ ತೋರಿಸಿದಳು. ಕೆಂಪಗೆ, ಉಬ್ಬಿದ, ಸೊಟ್ಟಗೆ ಕೂಡಿದ ಗಾಯ.

"ಯವ್ವಾ, ನೋಡು. ಬೋರ್ಡಿನ ಮ್ಯಾಲ ಬರದೋರು ಇವ್ರs, ನನ್ನ ಗಂಡ. ಅಲ್ಲಿ ಬರದದ್ದು ಸುಳ್ಳು. ಖರೇ ಬರದದ್ದು ಇಲ್ಲಿ ಅದ."

ಮುದುಕಿ ನೋಡಿದಳು. ನಿಧಾನವಾಗಿ ನೋಡಿದಳು. ಆಮೇಲೆ ಮಗನ ಬೆನ್ನಿಗೆ ಒಂದು ಗುದ್ದಿದಳು. "ಲೇ ಗದ್ಯಾ, ಇಳಸು ನನ್ನ. ಆ ಗೇಟಿಗೆ ನಾ ಒಲ್ಲೆ."

ಗದ್ದೆಪ್ಪ ಕಂಗಾಲಾದ. "ಮತ್ತ ಎಲ್ಲಿಗೆ ಹೋಗ್ಲಿ? ನೀನs ಹೇಳಪ್ಪ ಹಂಪಣ್ಣ. ಯಾವುದು ಪಾಸು?"

ಒಂಬತ್ತು ವರ್ಷದಿಂದ ಆ ಪ್ರಶ್ನೆಗೆ ಹಂಪಣ್ಣನ ಬಳಿ ಉತ್ತರ ಸಿದ್ಧವಿರುತ್ತಿತ್ತು. ಈಗ ತಲೆ ಕೆರೆದುಕೊಂಡ.

"ಗೋದಾಮಿನ ದವಾಖಾನಿ ಹೋದ ತಿಂಗಳ ತನಕ ಛಲೋ ಇತ್ತು. ಇವತ್ತಿಂದು ಗೊತ್ತಿಲ್ಲ. ಬರ್ರಿ, ನೋಡಮು."

ಹೋದರು. ಮುದುಕಿಯನ್ನು ಕಡೆಯ ಮಂಚದ ಮೇಲೆ ಕೂರಿಸಿದರು. ಹಂಪಣ್ಣ ಮೊಣಕಾಲೂರಿ ಮಂಚದ ಕೆಳಗೆ ಕೈಯಾಡಿಸಿ, ಬೆರಳು ಮೂಸಿ, ಎದ್ದು ನಿಂತು "ಸಿಸ್ಟರ್!" ಎಂದು ಒದರಿದ.

"ಲಾಭ" ಎಂದಳು ವೀರಭದ್ರಮ್ಮ. "ಎರಡು. ಮೂರು. ನಾಲ್ಕು."

ಏಳಕ್ಕೆ ಉಮ್ಮೇ ಕುಲ್ಸುಮ್ ಬಾಗಿಲಲ್ಲಿ ನಿಂತಿದ್ದಳು, ಒದ್ದೆ ಕೈ, ಹುಬ್ಬು ಗಂಟು.

"ಮತ್ತ ಬಂದ್ರೇನ್ರಿ ಕಾಕಾ? ಮಂಚ ಬಿಟ್ಟು ಸರೀರಿ."

ಹಂಪಣ್ಣ ಸರಿದು ನಿಂತ.